ಲೇಟಾಗಿ ಬರೀತಿರೋ ರಿವ್ಯೂ: ಕೊರೋನಾ ಟೈಮಲ್ಲಿ ನಂಗೆ ನಿದ್ದೆ ವಾಪಸ್ ಕೊಡ್ಸಿದ ಬಾಡಿಗೆ ಲೈಬ್ರರಿ

ಐದಕ್ಕೆ ನಾಲ್ಕು ಸ್ಟಾರ್. ಒಂದು ಸ್ಟಾರ್ ಯಾಕೆ ಕಟ್ ಮಾಡ್ದೆ ಅಂತ ಕೆಳಗೆ ಹೇಳ್ತೀನಿ, ಲೈಬ್ರರಿ ನಡೆಸೋ ಮೇಷ್ಟ್ರು ಓದಿದ್ರೆ ಬೇಜಾರ್ ಮಾಡ್ಕೋಬಾರ್ದು.

ಮೊದ್ಲೇ ಹೇಳ್ಬಿಡ್ತೀನಿ, ಅಂಗಡಿ ಹೆಸ್ರು ಹಾಕ್ತಿಲ್ಲ. ಹಾಕ್ಲಾ ಸಾರ್ ಅಂತ ಕೇಳಿದ್ದೆ. "ಬೇಡ ಕಣಮ್ಮಾ, ಇರೋ ಮೆಂಬರ್‌ಗಳಿಗೇ ಪುಸ್ತಕ ಸಾಲ್ತಿಲ್ಲ, ಇನ್ನು ಹತ್ತು ಜನ ಬಂದ್ರೆ ಎಲ್ಲಿಂದ ತರ್ಲಿ" ಅಂದ್ರು. ಅಂಗಡಿ ಇಟ್ಕೊಂಡಿರೋರ ಬಾಯಲ್ಲಿ ಈ ಮಾತು ಕೇಳಿದ್ದು ಅದೇ ಮೊದ್ಲು. ಮೈಸೂರಲ್ಲಿ ಕುವೆಂಪುನಗರದ ಕಡೆಯವ್ರಿಗೆ ಝೆರಾಕ್ಸ್ ಅಂಗಡಿ ಪಕ್ಕದಲ್ಲಿ ಕಬ್ಬಿಣದ ಮೆಟ್ಲು ಹತ್ತಿ ಹೋಗೋ ಲೈಬ್ರರಿ ಅಂದ್ರೆ ಸಾಕು, ಗೊತ್ತಾಗುತ್ತೆ. ನಡೆಸೋರು ರಿಟೈರ್ಡ್ ಹೈಸ್ಕೂಲ್ ಕನ್ನಡ ಮೇಷ್ಟ್ರು, ಮಧ್ಯಾಹ್ನ ಹೊತ್ತು ಅವರ ಮನೆಯವ್ರು ಕೂತ್ಕೋತಾರೆ. ಒಂದೇ ರೂಮು, ನಾಲ್ಕು ಗೋಡೆಗೂ ರ‍್ಯಾಕು, ನಡುವೆ ಒಂದು ಸ್ಟೂಲು, ನುಸಿಗುಳಿಗೆ ವಾಸನೆ. ನೋಟ್‌ಬುಕ್ಕಲ್ಲಿ ಎಂಟ್ರಿ, ಪುಸ್ತಕದ ಹಿಂದೆ ಡೇಟ್ ಸ್ಲಿಪ್ಪು, ರಬ್ಬರ್ ಸ್ಟ್ಯಾಂಪು. ಕಂಪ್ಯೂಟರ್ ಗಿಂಪ್ಯೂಟರ್ ಏನೂ ಇಲ್ಲ.

ನಾನು ಮೆಂಬರ್ ಆಗಿದ್ದು 2018ರಲ್ಲಿ, ಆದ್ರೆ ಸುಮ್ನೆ ಹೆಸರಿಗೆ. ಮಗನಿಗೆ ಕಾಮಿಕ್ಸ್ ತರೋದು, ಅತ್ತೆಗೆ ವಾರಪತ್ರಿಕೆ ತರೋದು, ಅಷ್ಟೇ. ನಾನು ಓದ್ತಿದ್ದಿದ್ದು ಆಫೀಸ್ ಮೇಲ್ ಮಾತ್ರ. ಒಂದು ಕಂಪನಿಲಿ ಪೇರೋಲ್ ನೋಡ್ಕೊಳ್ಳೋ ಕೆಲಸ ನಂದು, ದಿನಪೂರ್ತಿ ಬೇರೆಯವ್ರ ಸಂಬಳ ಲೆಕ್ಕ ಹಾಕಿ ಸಂಜೆ ಆದ್ಮೇಲೆ ಅಕ್ಷರ ಕಂಡ್ರೆ ತಲೆನೋವು ಬರ್ತಿತ್ತು.

ಆಮೇಲೆ 2020ರ ಮಾರ್ಚ್. 22ನೇ ತಾರೀಕು ಜನತಾ ಕರ್ಫ್ಯೂ ದಿನ ನಾವೂ ಬಾಲ್ಕನಿಲಿ ನಿಂತು ತಟ್ಟೆ ಹೊಡ್ದೋ, ನಗ್ತಾ ನಗ್ತಾನೇ. 24ರ ರಾತ್ರಿ ಇಡೀ ದೇಶಕ್ಕೆ ಲಾಕ್‌ಡೌನ್ ಅಂದಾಗ ನಗು ನಿಂತೋಯ್ತು. ಅದೇ ವಾರ ನಂಜನಗೂಡಿನ ಔಷಧಿ ಫ್ಯಾಕ್ಟರಿ ಕಡೆಯಿಂದ ಒಂದಾದ್ಮೇಲೊಂದು ಕೇಸ್ ಬರಕ್ಕೆ ಶುರುವಾಗಿ ಮೈಸೂರು ಅಂದ್ರೆ ಟಿವಿಯವ್ರು ಕೆಂಪು ಬಣ್ಣದಲ್ಲಿ ತೋರಿಸೋ ಊರಾಯ್ತು. ಜ್ಞಾಪಕ ಇದ್ಯಾ, ಆಗ ಆರೋಗ್ಯ ಇಲಾಖೆಯವ್ರು ದಿನಾ ಸಂಜೆ ಬುಲೆಟಿನ್ ಬಿಡ್ತಿದ್ರು, ಒಬ್ಬೊಬ್ಬ ಪೇಷೆಂಟಿಗೂ ಒಂದು ಪಿ ನಂಬರ್ ಕೊಟ್ಟು, ವಯಸ್ಸೆಷ್ಟು, ಯಾವೂರು, ಯಾರಿಂದ ಬಂತು ಅಂತ. ನಾನು ಆ ಬುಲೆಟಿನ್‌ನ ಧಾರಾವಾಹಿ ಥರ ಓದ್ತಿದ್ದೆ. ನಮ್ಮ ಜಿಲ್ಲೆ ಎಷ್ಟು, ನಮ್ಮ ವಾರ್ಡಿದ್ಯಾ ಇಲ್ವಾ, ವಯಸ್ಸು ಅತ್ತೆ ವಯಸ್ಸಿಗೆ ಹತ್ರ ಇದ್ಯಾ. ರಾತ್ರಿ ಹನ್ನೊಂದಕ್ಕೆ ಮಲಗೋದು, ಎರಡಕ್ಕೆ ಎಚ್ಚರ, ಎದೆ ಡಬ ಡಬ, ಫೋನ್ ತಗೊಂಡು ಮತ್ತೆ ಅದೇ ನಂಬರ್ ನೋಡೋದು. ಯಜಮಾನ್ರು "ನೀನೇನು ಹೆಲ್ತ್ ಮಿನಿಸ್ಟರಾ" ಅಂತ ಬೈದು ತಿರುಗಿ ಮಲಗೋರು.

ಈ ಪರಿಸ್ಥಿತಿಲಿ ಒಂದು ದಿನ ಲ್ಯಾಂಡ್‌ಲೈನ್ ನಂಬರಿಂದ ಫೋನ್ ಬಂತು. ಮೇಷ್ಟ್ರು. ಎಂಟ್ರಿ ಬುಕ್ ಇಟ್ಕೊಂಡು ಎಲ್ಲಾ ಮೆಂಬರ್‌ಗಳಿಗೂ ಮಾಡ್ತಿದ್ರಂತೆ. "ನಿಮ್ಮ ಹತ್ರ ಎರಡು ಪುಸ್ತಕ ಉಳ್ಕೊಂಡಿದೆ, ಫೈನ್ ಇಲ್ಲ, ಗಾಬರಿ ಬೇಡ. ಓದಿದ್ರಾ?" ಅಂದ್ರು. ಇಲ್ಲ ಸಾರ್ ಅಂದೆ. "ಯಾಕಮ್ಮಾ, ಟೈಮ್ ಇದ್ಯಲ್ಲ ಈಗ?" ನಂಗೆ ಏನಾಯ್ತೋ ಗೊತ್ತಿಲ್ಲ, ಓದಕ್ಕಾಗ್ತಿಲ್ಲ ಸಾರ್, ಒಂದೇ ಪುಟ ನಾಲ್ಕು ಸಲ ಓದಿದ್ರೂ ತಲೆಗೆ ಹೋಗಲ್ಲ, ನಿದ್ದೆನೂ ಇಲ್ಲ ಅಂತ ಹೇಳ್ಬಿಟ್ಟೆ. ಅಷ್ಟು ಪರಿಚಯ ಇಲ್ದಿರೋ ಮನುಷ್ಯನ ಹತ್ರ! ಅವರು ಸ್ವಲ್ಪ ಹೊತ್ತು ಸುಮ್ನಿದ್ದು, "ಹಂಗಾದ್ರೆ ಓದ್ಬೇಡಿ. ಹತ್ತು ಪುಟ ಜೋರಾಗಿ ಓದಿ ಹೇಳಿ, ಅತ್ತೆಗೋ ಮಗನಿಗೋ. ನಿಮಗೆ ಅರ್ಥ ಆಗ್ಬೇಕು ಅಂತೇನಿಲ್ಲ, ಅವರಿಗೆ ಕೇಳಿಸಿದ್ರೆ ಸಾಕು" ಅಂದ್ರು.

ಈ ಒಂದು ಸಲಹೆಗೇ ನಾನು ಎರಡು ಸ್ಟಾರ್ ಕೊಟ್ಟಿರೋದು. ಟ್ರೈ ಮಾಡಿ ನೋಡಿ. ಮನಸ್ಸಲ್ಲೇ ಓದುವಾಗ ಮನಸ್ಸು ಎಲ್ಲೆಲ್ಲೋ ಓಡುತ್ತೆ, ಜೋರಾಗಿ ಓದುವಾಗ ಬಾಯಿ, ಕಣ್ಣು, ಉಸಿರು ಎಲ್ಲಾನೂ ಒಂದು ಸಾಲಲ್ಲಿ ಕಟ್ಟಿ ಹಾಕ್ದಂಗಾಗುತ್ತೆ, ವಾಕ್ಯ ಮುಗಿಯೋ ತನಕ ಬೇರೆ ಯೋಚನೆ ಮಾಡಕ್ಕೆ ಜಾಗನೇ ಇರಲ್ಲ. ರಾತ್ರಿ ಊಟ ಆದ್ಮೇಲೆ ಅತ್ತೆ ಅವರೆಕಾಳು ಬಿಡಿಸ್ಕೊಂಡೋ ಬತ್ತಿ ಹೊಸ್ಕೊಂಡೋ ಕೂರೋರು, ಮಗ ಪಕ್ಕದಲ್ಲಿ ಉರುಳಾಡ್ತಿದ್ದ, ನಾನು ಓದ್ತಿದ್ದೆ. ಮೊದಲನೇ ವಾರ ಹತ್ತು ಪುಟ ಅಂದ್ರೆ ಹತ್ತೇ ಪುಟ. ಮೂರನೇ ವಾರಕ್ಕೆ ಅತ್ತೆ "ನಿಲ್ಲಿಸ್ಬೇಡ, ಆ ಹುಡುಗಿ ಏನಾದ್ಲು ಹೇಳು" ಅಂತ ಕೇಳಕ್ಕೆ ಶುರು ಮಾಡಿದ್ರು.

ಮೇ ತಿಂಗಳಲ್ಲಿ ಸ್ವಲ್ಪ ಸಡಿಲ ಆದ್ಮೇಲೆ ಮೇಷ್ಟ್ರು ಹೋಂ ಡೆಲಿವರಿ ಶುರು ಮಾಡಿದ್ರು. ಹೋಂ ಡೆಲಿವರಿ ಅಂದ್ರೆ ದೊಡ್ಡದಾಗಿ ಏನೂ ಊಹೆ ಮಾಡ್ಕೋಬೇಡಿ, ಅವರ ಹಳೆ ಟಿವಿಎಸ್ ಮುಂದೆ ಹಾಲಿನ ಕ್ರೇಟು, ಅದರಲ್ಲಿ ನ್ಯೂಸ್‌ಪೇಪರಲ್ಲಿ ಸುತ್ತಿದ ಪುಸ್ತಕ, ಪೇಪರ್ ಮೇಲೆ ಸ್ಕೆಚ್ ಪೆನ್ನಲ್ಲಿ ನಮ್ಮ ಹೆಸರು. ಗೇಟ್ ಹತ್ರ ನಿಂತು ಹಾರ್ನ್ ಹೊಡೆಯೋರು, ನಾವು ಹಳೆ ಪುಸ್ತಕ ಇಟ್ಟು ಹೊಸದು ತಗೋಬೇಕು. 20 ರೂಪಾಯಿ ಎಕ್ಸ್‌ಟ್ರಾ. ವಾಪಸ್ ಬಂದ ಪುಸ್ತಕನ ಅಂಗಡಿ ಹೊರಗಡೆ ಬಿದಿರು ಬುಟ್ಟಿಲಿ ಹಾಕಿ, ಬುಟ್ಟಿ ಮೇಲೆ ಸೀಮೆಸುಣ್ಣದಲ್ಲಿ ತಾರೀಕು ಬರೆದು, ಮೂರು ದಿನ ಮುಟ್ತಿರ್ಲಿಲ್ಲ. ಆ ಮಾರ್ಚಲ್ಲೇ ಒಂದು ಸ್ಟಡಿ ಬಂದಿತ್ತಲ್ಲ, ವೈರಸ್ ರಟ್ಟಿನ ಮೇಲೆ ಒಂದು ದಿನ, ಪ್ಲಾಸ್ಟಿಕ್ ಮೇಲೆ ಮೂರು ದಿನದವರೆಗೂ ಇರುತ್ತೆ ಅಂತ. ಬೇರೆ ದೇಶಗಳಲ್ಲೂ ಎಷ್ಟೋ ಲೈಬ್ರರಿಗಳು ವಾಪಸ್ ಬಂದ ಪುಸ್ತಕಕ್ಕೆ 72 ಗಂಟೆ ಕ್ವಾರಂಟೈನ್ ಇಟ್ಟಿದ್ರು. ಇದು ಹೆಚ್ಚಾಗಿ ಗಾಳಿಲಿ ಹರಡೋ ಕಾಯಿಲೆ, ಪುಸ್ತಕ ಮುಟ್ಟಿದ್ರಿಂದ ಅಷ್ಟೇನೂ ಭಯ ಇಲ್ಲ ಅಂತ ಆಮೇಲೆ ಗೊತ್ತಾಯ್ತು, ಆದ್ರೆ ಮೇಷ್ಟ್ರು 2022ರ ತನಕ ಬುಟ್ಟಿ ತೆಗೀಲಿಲ್ಲ. "ಪುಸ್ತಕಕ್ಕೂ ಸ್ವಲ್ಪ ರೆಸ್ಟ್ ಬೇಕಮ್ಮ" ಅಂತಿದ್ರು.

ಯಾವ ಪುಸ್ತಕ ಅಂತ ನಾವು ಕೇಳಂಗಿಲ್ಲ, ಅದು ಇಲ್ಲಿನ ವಿಶೇಷ. ಅಂದ್ರೆ ಕೇಳಬಹುದು, ಕೊಡೋದು ಅವರಿಗೆ ಸರಿ ಅನ್ಸಿದ್ದೇ. ಫೋನಲ್ಲಿ "ನಿದ್ದೆ ಹೆಂಗಿದೆ? ಊಟ? ಟಿವಿ ಎಷ್ಟೊತ್ತು?" ಅಂತ ಡಾಕ್ಟರ್ ಥರ ವಿಚಾರಿಸಿ ಪುಸ್ತಕ ಕಳಿಸೋರು. ಮೊದಲು ಸಣ್ಣ ಸಣ್ಣ ಹರಟೆ, ಹಾಸ್ಯ ಪ್ರಬಂಧ. ಆಮೇಲೆ ಸಣ್ಣಕತೆ. ಅದಾದ್ಮೇಲೆ ಒಂದು ದಿನ ಇಟ್ಟಿಗೆ ಗಾತ್ರದ "ಮಲೆಗಳಲ್ಲಿ ಮದುಮಗಳು" ಬಂದು ಬಿತ್ತು. ಕಾಲೇಜಲ್ಲಿ ಇದನ್ನ ನೋಡಿ ಹೆದ್ರಿ ಓಡಿದ್ದೆ. ಮೇಷ್ಟ್ರೇ, ಇಷ್ಟು ದಪ್ಪದ್ದು ನನ್ನ ಕೈಲಾಗಲ್ಲ ಅಂದ್ರೆ, "ಮುಗಿಸು ಅಂತ ಯಾರು ಹೇಳಿದ್ದು? ಮುಗೀದೇ ಇರ್ಲಿ ಅಂತಾನೇ ಕೊಟ್ಟಿರೋದು" ಅಂದ್ರು. ಅದರ ಅರ್ಥ ಆಗಿದ್ದು ಜೂನ್‌ನಲ್ಲಿ. ಹೊರಗಡೆ ನಾಳೆ ಏನು ಅಂತ ಯಾರಿಗೂ ಗೊತ್ತಿಲ್ಲ, ಆಫೀಸ್ ಇರುತ್ತೋ ಇಲ್ವೋ ಗೊತ್ತಿಲ್ಲ, ಆದ್ರೆ ನಾಳೆ ರಾತ್ರಿ ಗುತ್ತಿ ಮತ್ತೆ ಅವನ ನಾಯಿ ಹುಲಿಯ ಅಲ್ಲೇ ಮಳೇಲಿ ನಮಗೋಸ್ಕರ ಕಾಯ್ತಿರ್ತಾರೆ ಅನ್ನೋದು ಗ್ಯಾರಂಟಿ. ಮಗ ಅಂತೂ ಹುಲಿಯಂದು ಚಿತ್ರ ಬರೆದು ಫ್ರಿಜ್ ಮೇಲೆ ಅಂಟಿಸಿದ್ದ, ಕರೀ ಕ್ರೇಯಾನ್ ಒಂದು ಪೂರ್ತಿ ಖಾಲಿ. ಸುಮಾರು ಎರಡೂವರೆ ತಿಂಗಳು ಓದಿದ್ವಿ. ಡ್ಯೂ ಡೇಟ್ ಐದು ಸಲ ರಿನ್ಯೂ.

ಇದಕ್ಕೊಂದು ಹೆಸರೂ ಇದೆ ಗೊತ್ತಾ, ಬಿಬ್ಲಿಯೋಥೆರಪಿ. 1916ರಲ್ಲಿ ಅಮೆರಿಕದ ಸ್ಯಾಮುಯೆಲ್ ಕ್ರೋಥರ್ಸ್ ಅನ್ನೋ ಪಾದ್ರಿಯೊಬ್ರು ಅಟ್ಲಾಂಟಿಕ್ ಪತ್ರಿಕೇಲಿ ತಮಾಷೆಯಾಗಿ ಬರೆದ ಲೇಖನದಲ್ಲಿ ಈ ಪದ ಬಂತು, ಅದರಲ್ಲಿ ಒಬ್ಬ ಮನುಷ್ಯ ಕಾಯಿಲೆಗೆ ತಕ್ಕಂತೆ ಪುಸ್ತಕ ಬರೆದುಕೊಡೋ ಕ್ಲಿನಿಕ್ ಇಟ್ಕೊಂಡಿರ್ತಾನೆ. ತಮಾಷೆಗೆ ಹುಟ್ಟಿದ್ದು ಆಮೇಲೆ ನಿಜವಾಗ್ಲೂ ಶುರುವಾಯ್ತು. ಇಂಗ್ಲೆಂಡಲ್ಲಿ 2013ರಿಂದ ಡಾಕ್ಟರು ಚೀಟಿಲಿ ಪುಸ್ತಕದ ಹೆಸರು ಬರೆದುಕೊಟ್ರೆ ಹತ್ತಿರದ ಪಬ್ಲಿಕ್ ಲೈಬ್ರರಿಲಿ ಸಿಗೋ ಹಂಗೆ ಒಂದು ಸ್ಕೀಮೇ ಮಾಡಿದಾರೆ. ಇದನ್ನ ಮೇಷ್ಟ್ರಿಗೆ ಹೇಳ್ದೆ. "ನಮ್ಮಜ್ಜಿ ಜ್ವರ ಬಂದ್ರೆ ಪಕ್ಕದಲ್ಲಿ ಕೂತು ಜೈಮಿನಿ ಭಾರತ ಓದಿಸೋಳು, ಅದಕ್ಕೆ ಏನಂತ ಹೆಸರಿಡ್ತಾರಂತೆ?" ಅಂದ್ರು. ಅವರ ಹತ್ರ ವಾದ ಮಾಡಿ ಗೆಲ್ಲಕ್ಕಾಗಲ್ಲ.

ಬೇರೆದನ್ನೂ ಟ್ರೈ ಮಾಡಿದೀನಿ, ಕಂಪೇರ್ ಮಾಡಕ್ಕೆ ಹೇಳ್ತೀನಿ. ನಮ್ಮ ರಾಜ್ಯದ ಡಿಜಿಟಲ್ ಪಬ್ಲಿಕ್ ಲೈಬ್ರರಿ ಸರಿಯಾಗಿ 2020ರಲ್ಲೇ ಶುರುವಾಗಿತ್ತು, ಫ್ರೀ, ಮಗನ ಪಾಠಕ್ಕೆ ತುಂಬಾ ಉಪಯೋಗ ಆಯ್ತು. ಆದ್ರೆ ನನ್ನ ಕೇಸಲ್ಲಿ ಫೋನೇ ಕಾಯಿಲೆ. ಕತೆ ಓದ್ತಿದ್ರೆ ಮೇಲ್ಗಡೆಯಿಂದ ಪಟ್ ಅಂತ ಒಂದು ನೋಟಿಫಿಕೇಶನ್ ಇಳಿಯೋದು, ಇಂಥಾ ಜಿಲ್ಲೆಲಿ ಇಷ್ಟು ಜನ ಅಂತ, ಮುಗೀತು. ಆಡಿಯೋ ಕತೆಗಳು ಪಾತ್ರೆ ತೊಳೆಯುವಾಗ ಚೆನ್ನಾಗಿತ್ತು, ರಾತ್ರಿಗೆ ಆಗ್ಲಿಲ್ಲ. ಆಮೇಲೆ ಆನ್‌ಲೈನಲ್ಲಿ ಒಂದು ಪಾಸಿಟಿವ್ ಥಿಂಕಿಂಗ್ ಪುಸ್ತಕ ತರಿಸಿದ್ದೆ, 350 ರೂಪಾಯಿ. ದಿನಾ ಬೆಳಿಗ್ಗೆ ಕನ್ನಡಿ ನೋಡ್ಕೊಂಡು ನಾನು ಖುಷಿಯಾಗಿದೀನಿ ಅಂತ ಹತ್ತು ಸಲ ಹೇಳ್ಬೇಕಂತೆ. ಮೂರನೇ ದಿನ ಹೇಳ್ತಾ ಹೇಳ್ತಾನೇ ಅಳು ಬಂತು. ಅದೀಗ ಗ್ರೈಂಡರ್ ಕಾಲಿಗೆ ಸಪೋರ್ಟಾಗಿ ಇದೆ, ಆ ಕೆಲ್ಸಕ್ಕೆ ಐದು ಸ್ಟಾರ್.

ಇಲ್ಲಿ ಒಂದು ವಿಷ್ಯ ಸೀರಿಯಸ್ಸಾಗಿ. ಪುಸ್ತಕದಿಂದ ಎಲ್ಲಾ ಸರಿಹೋಯ್ತು ಅಂತ ನಾನು ಹೇಳ್ತಿಲ್ಲ. ಆಗಸ್ಟ್‌ನಲ್ಲಿ ಎರಡು ಸಲ ಉಸಿರು ಕಟ್ದಂಗಾಗಿ ಕೊರೋನಾನೇ ಅನ್ಕೊಂಡು ಟೆಸ್ಟ್ ಮಾಡಿಸಿ ನೆಗೆಟಿವ್ ಬಂದು, ಆಮೇಲೆ ನಿಮ್ಹಾನ್ಸ್‌ನವ್ರ ಹೆಲ್ಪ್‌ಲೈನಿಗೆ ಫೋನ್ ಮಾಡ್ದೆ. ಮಾಡು ಅಂತ ಹೇಳಿದ್ದು ಯಾರು ಗೊತ್ತಾ, ಮೇಷ್ಟ್ರೇ. "ನಾನು ಕಾಂಪೌಂಡರ್ ಅಮ್ಮ, ಡಾಕ್ಟರಲ್ಲ" ಅಂದ್ರು. ಆ ಕಡೆ ಇದ್ದ ಹುಡುಗಿ ಅರ್ಧ ಗಂಟೆ ಕೇಳಿಸ್ಕೊಂಡ್ಲು, ಕನ್ನಡದಲ್ಲೇ. ಈಗ ಅದಕ್ಕೆಲ್ಲ ಟೆಲಿ ಮಾನಸ್ ಅಂತ ಇದೆ, 14416ಕ್ಕೆ ಮಾಡಿದ್ರೆ ಆಯ್ತು, ದುಡ್ಡಿಲ್ಲ, ದಿನದ 24 ಗಂಟೆನೂ ಇರುತ್ತೆ. ಯಾರಿಗಾದ್ರೂ ಬೇಕಾಗಬಹುದು ಅಂತ ಹಾಕಿದೀನಿ.

ಅತ್ತೆ ವಿಷ್ಯ ಹೇಳ್ಲೇಬೇಕು. ಆ ಫೋನ್ ವಿಷ್ಯ ಅತ್ತೆಗೆ ನಾನು ಹೇಳಿರ್ಲಿಲ್ಲ, ಏನನ್ಕೋತಾರೋ ಅಂತ. ಮುಂದಿನ ವಾರ ಮೇಷ್ಟ್ರು "ಶರಪಂಜರ" ಕಳಿಸಿದ್ರು. ತ್ರಿವೇಣಿಯವ್ರು ನಮ್ಮ ಮೈಸೂರಿನವ್ರೇ, ಸೈಕಾಲಜಿ ಓದಿದ್ದವ್ರು, 1963ರಲ್ಲಿ ತೀರ‍್ಕೊಂಡ್ರು, ವಯಸ್ಸಿನ್ನೂ ಮೂವತ್ತೈದೂ ಆಗಿರ್ಲಿಲ್ಲ. ನಾನು ಕಲ್ಪನಾ ಪಿಕ್ಚರ್ ನೋಡಿದ್ದೆ, ಪುಸ್ತಕ ಓದಿರ್ಲಿಲ್ಲ. ಬಾಣಂತನದಲ್ಲಿ ಮನಸ್ಸು ಕೆಟ್ಟು, ಆಸ್ಪತ್ರೆ ಸೇರಿ, ವಾಸಿಯಾಗಿ ಮನೆಗೆ ಬಂದ್ರೂ ಹುಚ್ಚಿ ಅನ್ನೋ ಹೆಸರು ಮಾತ್ರ ಬಿಡದೇ ಇರೋ ಕಾವೇರಿ ಕತೆ. ನಾನು ಜೋರಾಗಿ ಓದಕ್ಕೆ ಶುರು ಮಾಡೋಕ್ಕೆ ಮುಂಚೆನೇ ಅತ್ತೆ ಪುಸ್ತಕ ಎತ್ಕೊಂಡು ದೇವರ ಮನೆ ಬಾಗಿಲಲ್ಲಿ ಕೂತು ಎರಡೇ ದಿನದಲ್ಲಿ ಮುಗಿಸಿದ್ರು. ಮೂರನೇ ದಿನ ಸಾರಿಗೆ ಒಗ್ಗರಣೆ ಹಾಕ್ತಾ, ನನ್ನ ಮುಖ ನೋಡ್ದೇನೇ ಹೇಳಿದ್ರು: "ನಮ್ಮ ದೊಡ್ಡಕ್ಕನ್ನ ಎರಡನೇ ಬಾಣಂತನ ಆದ್ಮೇಲೆ ಬೆಂಗಳೂರಿನ ಮೆಂಟಲ್ ಆಸ್ಪತ್ರೇಲಿ ಮೂರು ತಿಂಗಳು ಇಟ್ಟಿದ್ರು. ಊರಲ್ಲೆಲ್ಲ ತಿರುಪತಿಗೆ ಹೋಗಿದಾಳೆ ಅಂತ ಹೇಳಿದ್ವಿ." ಹದಿನಾಲ್ಕು ವರ್ಷ ಆಗಿತ್ತು ನಾನು ಆ ಮನೆಗೆ ಬಂದು. ಒಂದು ಸಲನೂ ಈ ಮಾತು ಬಂದಿರ್ಲಿಲ್ಲ, ಯಜಮಾನ್ರಿಗೂ ಗೊತ್ತಿಲ್ಲ. ನಾನು ಆಗ ನನ್ನ ಹೆಲ್ಪ್‌ಲೈನ್ ಕತೆ ಹೇಳ್ದೆ. ಅತ್ತೆ "ಅಯ್ಯೋ, ಮೊದ್ಲೇ ಹೇಳೋದಲ್ವಾ" ಅಂದು ಒಗ್ಗರಣೆ ಸೀದ್ಹೋಗಿದ್ದನ್ನ ಚೆಲ್ಲಿ ಮತ್ತೆ ಹಾಕಿದ್ರು.

ಈಗ ಎರಡನೇ ಅಲೆ. ಇದನ್ನ ಬರೀಬೇಕೋ ಬೇಡ್ವೋ ಅಂತ ಯೋಚನೆ ಮಾಡಿನೇ ಇಷ್ಟು ವರ್ಷ ರಿವ್ಯೂ ಲೇಟಾಗಿದ್ದು.

2021ರ ಏಪ್ರಿಲ್. ಆ ತಿಂಗಳು ಪುಸ್ತಕದವ್ರಿಗೂ ಕೆಟ್ಟದಾಗೇ ಶುರುವಾಯ್ತು. 9ನೇ ತಾರೀಕು ನಮ್ಮ ಊರಲ್ಲೇ, ರಾಜೀವನಗರದ ಕಡೆ, ಕೂಲಿ ಕೆಲಸ ಮಾಡ್ತಾ ಸ್ವಂತ ದುಡ್ಡಲ್ಲಿ ಲೈಬ್ರರಿ ನಡೆಸ್ತಿದ್ದವ್ರ ಸುಮಾರು 11 ಸಾವಿರ ಪುಸ್ತಕ ಬೆಂಕೀಲಿ ಸುಟ್ಟೋಯ್ತು, ಪೇಪರಲ್ಲೆಲ್ಲ ಬಂದಿತ್ತು. ಮೇಷ್ಟ್ರು ಎರಡು ದಿನ ಮಾತೇ ಆಡಿರ್ಲಿಲ್ಲವಂತೆ. ಆಮೇಲೆ ಕೌಂಟರ್ ಹತ್ರ ರಟ್ಟಿನ ಡಬ್ಬ ಇಟ್ಟು, ಪ್ರತಿ ಮೆಂಬರೂ ಅವರಿಗೆ ಒಂದು ಪುಸ್ತಕ ಕೊಡ್ಬೇಕು ಅಂತ ಆರ್ಡರ್ ಮಾಡಿದ್ರು. 27ರ ರಾತ್ರಿಯಿಂದ ಮತ್ತೆ ಬಂದ್. ಬೆಳಿಗ್ಗೆ 6ರಿಂದ 10ರ ತನಕ ಮಾತ್ರ ತರಕಾರಿ, ದಿನಸಿ. ಪುಸ್ತಕ ಅಗತ್ಯ ವಸ್ತು ಅಲ್ವಲ್ಲ, ಅದಕ್ಕೆ ಮೇಷ್ಟ್ರು ಕ್ರೇಟಲ್ಲಿ ಕೆಳಗೆ ಪುಸ್ತಕ ಮೇಲೆ ದಂಟಿನ ಸೊಪ್ಪು ಇಟ್ಕೊಂಡು ಬರೋರು. ಒಂದು ದಿನ ಪೊಲೀಸ್ನೋರು ಹಿಡಿದು ಸೊಪ್ಪು ಎತ್ತಿ ನೋಡಿ, ಪತ್ತೇದಾರಿ ಇದ್ರೆ ಒಂದು ಕೊಡಿ ಸಾರ್ ಡ್ಯೂಟಿಲಿ ಓದ್ತೀನಿ ಅಂದ್ರಂತೆ. ನಿಜವೋ ಸುಳ್ಳೋ, ಮೇಷ್ಟ್ರು ಹೇಳಿದ್ದು. ಆದ್ರೆ ಸೊಪ್ಪು ಮಾತ್ರ ಫ್ರೆಶ್ಶಾಗಿರ್ತಿತ್ತು.

ಮೇ ಮೊದಲ ವಾರ ಬೆಂಗಳೂರಲ್ಲಿ ನಮ್ಮ ದೊಡ್ಡಪ್ಪ ಹೋಗ್ಬಿಟ್ರು. ನನ್ನನ್ನ ಹೆಗಲ ಮೇಲೆ ಕೂರಿಸ್ಕೊಂಡು ದಸರಾ ಮೆರವಣಿಗೆ ತೋರಿಸಿದ್ದ ದೊಡ್ಡಪ್ಪ. ಬೆಡ್ಡಿಗೆ ಎರಡು ದಿನ, ಆಕ್ಸಿಜನ್ನಿಗೆ ಒಂದು ದಿನ ಒದ್ದಾಟ, ಅದನ್ನೆಲ್ಲ ಬರೆಯಲ್ಲ, ಎಲ್ಲಾರ ಮನೇಲೂ ಅದೇ ಕತೆ. ದೊಡ್ಡಮ್ಮಂಗೂ ಅಣ್ಣಂಗೂ ಪಾಸಿಟಿವ್, ಮನೆ ಬಿಟ್ಟು ಹೊರಗೆ ಬರಂಗಿಲ್ಲ. ನಾವು ಮೈಸೂರಿಂದ ಹೋಗಂಗಿಲ್ಲ. ಚಿತಾಗಾರಗಳಲ್ಲಿ ಆಂಬುಲೆನ್ಸ್ ಕ್ಯೂ. ಕೊನೆಗೆ ಊರಾಚೆ ಗಿಡ್ಡೇನಹಳ್ಳಿಲಿ ಬಯಲಲ್ಲಿ ಚಿತೆ ಮಾಡ್ತಿದ್ರಲ್ಲ, ಅಲ್ಲಿಗೆ ತಗೊಂಡೋದ್ರು. ತಗೊಂಡೋಗಿದ್ದು ವಾಲಂಟಿಯರ್ ಹುಡುಗ್ರು, ಮೂರು ಜನ ಮುಸ್ಲಿಂ ಹುಡುಗ್ರು, ಪಿಪಿಇ ಕಿಟ್ ಹಾಕ್ಕೊಂಡು. ಉಪವಾಸದ ತಿಂಗಳು ಬೇರೆ. ಅದರಲ್ಲೊಬ್ಬ ಅಣ್ಣಂಗೆ ವಿಡಿಯೋ ಕಾಲ್ ಮಾಡಿ "ಅಣ್ಣ, ಏನಾದ್ರೂ ಹೇಳ್ಬೇಕಾ, ಮಂತ್ರ ಏನಾದ್ರೂ ಇದ್ರೆ ಫೋನಲ್ಲೇ ಹೇಳಿ, ಸ್ಪೀಕರ್ ಹಾಕ್ತೀನಿ" ಅಂದನಂತೆ. ಅಣ್ಣಂಗೆ ಏನೂ ಬಾಯಿಗೆ ಬರ್ಲಿಲ್ಲ.

ಆಮೇಲೆ ಒಂದು ವಾರ ನಾನು ಅಳ್ಲಿಲ್ಲ. ಆಫೀಸ್ ಕೆಲಸ ಮಾಡ್ದೆ, ಅಡುಗೆ ಮಾಡ್ದೆ, ರಾತ್ರಿ ಓದೋದು ನಿಲ್ಲಿಸ್ದೆ. ಮೇಷ್ಟ್ರು ಫೋನ್ ಮಾಡಿದಾಗ, ಸಾರ್ "ಸಂಸ್ಕಾರ" ಇದ್ರೆ ಕೊಡಿ ಅಂದೆ. ಯಾಕೆ ಅದೇ ನೆನಪಾಯ್ತೋ ಗೊತ್ತಿಲ್ಲ. ಡಿಗ್ರಿಲಿ ಪರೀಕ್ಷೆಗೆ ಅಂತ ಓದಿದ್ದೆ, ಪ್ರಾಣೇಶಾಚಾರ್ಯರ ಪಾತ್ರ ಚಿತ್ರಣ ಬರೆಯಿರಿ, ಹತ್ತು ಅಂಕ, ಅಷ್ಟೇ. "ಈಗ ಬೇಡಮ್ಮ. ಮಳೆಗಾಲ ಕಳೀಲಿ" ಅಂದ್ರು. ಕೊಡಿ ಅಂದೆ. ಕೊಡಲ್ಲ ಅಂದ್ರು. ನಾನು ಫೋನಲ್ಲೇ ಜಗಳ ಆಡ್ದೆ, ದುಡ್ಡು ಕೊಡ್ತೀನಲ್ಲ, ಮೆಂಬರ್ ಅಲ್ವಾ ನಾನು ಅಂತೆಲ್ಲಾ. ಮಾರನೇ ದಿನ ಬೆಳಿಗ್ಗೆ ಏಳಕ್ಕೆ ಸೊಪ್ಪಿನ ಕೆಳಗೆ ಇತ್ತು. ಪೇಪರ್ ಮೇಲೆ ನನ್ನ ಹೆಸರಿನ ಕೆಳಗೆ, ಒಬ್ಬಳೇ ಓದಬೇಡ ಅಂತ ಬರೆದಿದ್ರು.

ಓದಿರೋರಿಗೆ ಗೊತ್ತು. 1965ರಲ್ಲಿ ಬಂದ ಕಾದಂಬರಿ. ಅಗ್ರಹಾರದಲ್ಲಿ ನಾರಣಪ್ಪ ಸತ್ತು ಬಿದ್ದಿದಾನೆ, ಪ್ಲೇಗಿಂದ. ಅವನ ಸಂಸ್ಕಾರ ಯಾರು ಮಾಡ್ಬೇಕು ಅನ್ನೋ ಜಿಜ್ಞಾಸೆ ಮುಗೀತಾನೇ ಇಲ್ಲ, ಹೆಣ ಕೊಳೀತಿದೆ, ಇಲಿ ಬಿದ್ದು ಸಾಯ್ತಿವೆ, ಮನೆ ಮೇಲೆ ಹದ್ದು ಬಂದು ಕೂರ್ತಿವೆ, ಆಚಾರ್ಯರು ಓಲೆಗರಿ ತಿರುವಿ ತಿರುವಿ ಉತ್ತರ ಹುಡುಕ್ತಿದಾರೆ. ಡಿಗ್ರಿಲಿ ಓದುವಾಗ ಇದೆಲ್ಲ ಸಿಂಬಾಲಿಕ್ ಅಂತ ನೋಟ್ಸ್ ಮಾಡಿದ್ದೆ. ಈ ಸಲ ಓದುವಾಗ ಸಿಂಬಲ್ ಗಿಂಬಲ್ ಏನೂ ಕಾಣಿಸ್ಲಿಲ್ಲ, ಹೆಣ ಹೆಣವಾಗೇ ಇತ್ತು. ನಾನು ಓದ್ತಿದ್ದೆ, ಅತ್ತೆ ಬತ್ತಿ ಹೊಸೆಯೋದು ನಿಲ್ಲಿಸಿದ್ರು. ನಾರಣಪ್ಪನ ಜೊತೆ ಇದ್ದ ಚಂದ್ರಿ ರಾತ್ರೋರಾತ್ರಿ ಹೋಗಿ ಸಹಾಯ ಕೇಳ್ತಾಳಲ್ಲ, ಎಲ್ಲಾರೂ ಹಿಂದೆ ಸರಿದ ಮೇಲೆ ಮೀನಿನ ವ್ಯಾಪಾರಿ ಅಹ್ಮದ್ ಬ್ಯಾರಿ ಗಾಡಿ ತಂದು ಹೆಣ ಸಾಗಿಸಿ ಸುಟ್ಟು ಬರ್ತಾನಲ್ಲ, ಆ ಜಾಗಕ್ಕೆ ಬಂದೆ. ಈ ಜಾಗ ಪುಸ್ತಕದಲ್ಲಿ ಇದೆ ಅನ್ನೋದೇ ನಂಗೆ ಮರ್ತೋಗಿತ್ತು. ಪರೀಕ್ಷೆಗೆ ಬರ್ತಿರ್ಲಿಲ್ಲ ಆ ಭಾಗ. ಅಲ್ಲಿ ನನ್ನ ಧ್ವನಿ ನಿಂತೋಯ್ತು. ಅತ್ತೆ ಪುಸ್ತಕ ಕೈಯಿಂದ ತಗೊಂಡು ಕನ್ನಡಕ ಹಾಕ್ಕೊಂಡು ಮುಂದಿನ ಎರಡು ಪುಟ ಅವರೇ ಜೋರಾಗಿ ಓದಿದ್ರು, ತಡವರಿಸ್ಕೊಂಡು, ನಾನು ಅಲ್ಲೇ ಅವರ ತೊಡೆ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ. ಅವತ್ತು ರಾತ್ರಿ ಅಣ್ಣಂಗೆ ಫೋನ್ ಮಾಡಿ ಆ ಹುಡುಗನ ನಂಬರ್ ಇದ್ಯಾ ಕೇಳ್ದೆ. ಇತ್ತು. ಮಾರನೇ ದಿನ ಫೋನ್ ಮಾಡಿ ಥ್ಯಾಂಕ್ಸ್ ಹೇಳಿದ್ವಿ. ಅವನಿಗೆ ನಮ್ಮ ದೊಡ್ಡಪ್ಪ ಯಾರು ಅಂತಾನೇ ನೆನಪಿರ್ಲಿಲ್ಲ ಪಾಪ, ಅವತ್ತು ಹದಿನೇಳು ಜನ ಅಂದ.

ದುಃಖದ ಟೈಮಲ್ಲಿ ಹಗುರಾಗಿರೋದೇ ಓದ್ಬೇಕು ಅಂತ ಎಲ್ಲಾ ಕಡೆ ಹೇಳ್ತಾರೆ, ಮೇಷ್ಟ್ರೂ ಅದನ್ನೇ ಹೇಳಿದ್ರು. ನನ್ನ ಅನುಭವದಲ್ಲಿ ಅದು ಭಯದ ಟೈಮಿಗೆ ಸರಿ. ಭಯ ಆದಾಗ ಹಾಸ್ಯ, ಮಲೆನಾಡಿನ ಮಳೆ, ನಾಯಿ, ಇದೆಲ್ಲ ಕೆಲಸ ಮಾಡ್ತು. ಸಾವು ಮನೆಗೇ ಬಂದ್ಮೇಲೆ ಹಗುರಾದ ಪುಸ್ತಕ ಹಿಡಿದ್ರೆ ಕೋಪ ಬರ್ತಿತ್ತು, ಸಾವಿನ ಮನೇಲಿ ಜೋಕ್ ಹೇಳೋ ನೆಂಟರನ್ನ ಕಂಡಂಗೆ. ಮೇಷ್ಟ್ರ ಹತ್ರ ಇದನ್ನ ಹೇಳಿದಾಗ ಅವರು ಒಪ್ಪಲಿಲ್ಲ. "ನಿಂಗೆ ಕೆಲಸ ಮಾಡಿದ್ದು ಪುಸ್ತಕ ಅಲ್ಲಮ್ಮ, ನಿಮ್ಮತ್ತೆ" ಅಂದ್ರು. ಇರಬಹುದು.

ಅಂದಹಾಗೆ ಪ್ಲೇಗ್ ಅಂದ್ರೆ ಮೈಸೂರಿಗೆ ಹೊಸದೇನಲ್ಲ. 1898ರ ಸುಮಾರಿಗೆ ಬಂದು ಹೋದ್ಮೇಲೇನೇ ಊರಿನ ಗಲ್ಲಿ ಅಗಲ ಮಾಡಿ, ಹೊಸ ಬಡಾವಣೆ ಮಾಡ್ಬೇಕು ಅಂತ 1903ರಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಮಾಡಿದ್ದು. ನಾವು ಬೆಳಿಗ್ಗೆ ವಾಕ್ ಮಾಡೋ ಅಗಲ ರಸ್ತೆಗಳಿಗೆ ಒಂದು ಸಾಂಕ್ರಾಮಿಕ ಕಾರಣ. ಅತ್ತೆಯ ಅಜ್ಜಿ ಕಾಲದಲ್ಲಿ ಇಲಿ ಬಿದ್ರೆ ಊರು ಬಿಟ್ಟು ಹೊಲದಲ್ಲಿ ಗುಡಿಸ್ಲು ಹಾಕ್ಕೊಂಡು ತಿಂಗಳುಗಟ್ಲೆ ಇರ್ತಿದ್ರಂತೆ, ಅಲ್ಲಿ ರಾತ್ರಿ ಹೊತ್ತು ಕತೆ ಹೇಳೋದೇ ಕೆಲಸ. ಅತ್ತೆ ಈ ವಿಷ್ಯ ಹೇಳಿದ್ದೂ "ಸಂಸ್ಕಾರ" ಓದಿದ ವಾರನೇ. ರಿವ್ಯೂಗೆ ಇದು ಬೇಕಿಲ್ಲ, ಆದ್ರೂ ಇರ್ಲಿ.

ಈಗ ಕಟ್ ಮಾಡಿದ ಸ್ಟಾರ್ ಲೆಕ್ಕ.

ಧೂಳು. ರ‍್ಯಾಕ್ ಒರೆಸಿ ಎಷ್ಟು ವರ್ಷ ಆಯ್ತೋ ದೇವರಿಗೇ ಗೊತ್ತು. 2020ರ ಜುಲೈಲಿ ಒಂದು ಹಳೆ ಪುಸ್ತಕ ಬಿಚ್ಚಿ ಬಾಲ್ಕನಿಲಿ ನಿಂತು ಸಾಲಾಗಿ ಆರು ಸೀನು ಸೀನಿದೀನಿ, ಪಕ್ಕದ ಮನೆಯವ್ರು ಪಟಪಟ ಅಂತ ಕಿಟಕಿ ಹಾಕ್ಕೊಂಡ್ರು, ಸಂಜೆ ಒಳಗೆ ಇಡೀ ಬಿಲ್ಡಿಂಗಿಗೆ ನಮ್ಮನೇಲಿ ಕೇಸಿದೆ ಅಂತ ಸುದ್ದಿ. ಹಾಲಿನವ್ನು ಎರಡು ದಿನ ಬರ್ಲಿಲ್ಲ. ಇದಕ್ಕೆ ಯಾರು ಜವಾಬ್ದಾರಿ?

ಪುಟ ಇಲ್ದಿರೋ ಪುಸ್ತಕ. ಒಂದು ಪತ್ತೇದಾರಿ ಕಾದಂಬರಿಲಿ ಕೊನೇ ನಾಲ್ಕು ಪುಟ ಇರ್ಲಿಲ್ಲ. ಕೊಲೆ ಮಾಡಿದ್ದು ಯಾರು ಅಂತ ಇವತ್ತಿಗೂ ನಂಗೆ ಗೊತ್ತಿಲ್ಲ. ಮೇಷ್ಟ್ರನ್ನ ಕೇಳಿದ್ರೆ "ಅಡುಗೆ ಭಟ್ಟ ಇರ್ಬೇಕು" ಅಂತಾರೆ, ಅದರಲ್ಲಿ ಅಡುಗೆ ಭಟ್ಟನೇ ಇಲ್ಲ. ಉಲ್ಟಾ, ಚೆನ್ನಾಗಿರೋ ಪುಸ್ತಕ ಕೊಡುವಾಗ ಕೊನೇಲಿ ಏನಾಗುತ್ತೆ ಅಂತ ಕೌಂಟರಲ್ಲೇ ಹೇಳ್ಬಿಡ್ತಾರೆ. ಇದು ತುಂಬಾ ಕೆಟ್ಟ ಅಭ್ಯಾಸ.

ಹೊಸ ಬರಹಗಾರರ ಪುಸ್ತಕ ಕಮ್ಮಿ. ಹತ್ತು ವರ್ಷದಿಂದ ಈಚೆಗೆ ಬಂದಿದ್ದು ಒಂದೇ ಒಂದು ರ‍್ಯಾಕಿದೆ, ಬಾಕಿ ಎಲ್ಲಾ ಹಳೇದು. ಮಕ್ಕಳ ಸೆಕ್ಷನ್ ಅಂತೂ ಪಾಪ ಅನ್ಸುತ್ತೆ. ಮೆಟ್ಲು ಕಡಿದು, ವಯಸ್ಸಾದವ್ರು ಹತ್ತಕ್ಕಾಗಲ್ಲ, ಆದ್ರೆ ಮೇಲಿಂದ ಮೇಷ್ಟ್ರು ಹಗ್ಗದಲ್ಲಿ ಚೀಲ ಇಳಿಬಿಡ್ತಾರೆ, ಕೆಳಗಿಂದ ಕೂಗಿದ್ರೆ ಆಯ್ತು.

ಮತ್ತೆ ಫೈನು. ನಾವು 14 ದಿನ ಹೋಂ ಕ್ವಾರಂಟೈನಲ್ಲಿ ಇದ್ವಿ, ಬಾಗಿಲಿಗೆ ಪಾಲಿಕೆಯವ್ರ ಪೋಸ್ಟರ್ ಬೇರೆ ಅಂಟಿಸಿದ್ರು, ಹೊರಗೆ ಬಂದ ದಿನ ಮೇಷ್ಟ್ರು ದಿನಕ್ಕೆ ಒಂದು ರೂಪಾಯಿ ಥರ 14 ರೂಪಾಯಿ ಕೇಳಿದ್ರು! ಲಾಕ್‌ಡೌನಿಗೆ ಮಾಫಿ, ಕ್ವಾರಂಟೈನಿಗೆ ಮಾಫಿ ಇಲ್ಲವಂತೆ, ಪುಸ್ತಕ ನಿಮ್ಮನೇಲೇ ಇತ್ತಲ್ಲ ಓದಿರ್ತೀರಲ್ಲ ಅಂತ ಅವರ ಲಾಜಿಕ್ಕು. ಕಾಲು ಗಂಟೆ ವಾದ ಆಯ್ತು, ಹಿಂದೆ ಕ್ಯೂ ಬೆಳೀತು. ಕೊನೆಗೆ ಏಳು ರೂಪಾಯಿಗೆ ಸೆಟ್ಲ್ ಆಯ್ತು. ಇದನ್ನ ನಾನು ಮರೆತಿಲ್ಲ, ಮೇಷ್ಟ್ರೂ ಮರೆತಿಲ್ಲ.

ಡೀಟೇಲ್ಸ್ ಬೇಕಾದವ್ರಿಗೆ: ಡೆಪಾಸಿಟ್ 500, ತಿಂಗಳಿಗೆ ಆಗ 150 ಇತ್ತು ಈಗ 200, ಒಂದ್ಸಲಕ್ಕೆ ಎರಡು ಪುಸ್ತಕ, 15 ದಿನ. ಬೆಳಿಗ್ಗೆ ಹತ್ತೂವರೆಯಿಂದ ಒಂದು, ಸಂಜೆ ನಾಲ್ಕೂವರೆಯಿಂದ ಎಂಟು, ಸೋಮವಾರ ರಜ. ಈಗ ಫೋನ್‌ಪೇ ಇದೆ, ಆದ್ರೆ ದುಡ್ಡು ಬಂತಾ ಅಂತ ನೋಡಕ್ಕೆ ಅವರ ಮನೆಯವ್ರನ್ನ ಕರೀಬೇಕು. ಹೋಂ ಡೆಲಿವರಿ ನಿಲ್ಲಿಸಿದಾರೆ, ಮಂಡಿ ನೋವು. "ಶರಪಂಜರ" ಕೇಳ್ಬೇಡಿ, ಅದು ಅತ್ತೆ ಹತ್ರ ಇದೆ, ಮೂರನೇ ಸಲ ರಿನ್ಯೂ ಮಾಡ್ಸಿದಾರೆ, ಸದ್ಯಕ್ಕೆ ಕೊಡೋ ಥರ ಕಾಣಿಸ್ತಿಲ್ಲ.